ರಾಜೀನಾಮೆ ಅವರದು, ಸಾಲು ನಮ್ಮದು



2011ರ ಅಕ್ಟೋಬರ್ 4ರ ರಾತ್ರಿ. ಲಿಂಗರಾಜಪುರದ ನಮ್ಮ ಮನೆಯೊಳಗೆ ಆಗ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮಾತಾಡಬೇಕೆಂದರೆ ತಾರಸಿ ಹತ್ತಬೇಕು. ಅಲ್ಲಿಂದ ಮೇಲ್ಸೇತುವೆಯ ದೀಪ ಕಾಣಿಸುತ್ತದೆ, ಅದರಡಿ ಹಾದುಹೋಗುವ ರೈಲಿನ ಸದ್ದು ಕೇಳಿಸುತ್ತದೆ. ಆ ಸದ್ದಿನ ನಡುವೆ ನನ್ನ ತಂಗಿಯ ಮಗ ಅಮೆರಿಕದಿಂದ ಕೂಗಿ ಮಾತಾಡುತ್ತಿದ್ದ. ಹುಡುಗ ಓದಲೆಂದು ವೆಸ್ಟ್ ವರ್ಜೀನಿಯಾಕ್ಕೆ ಹೋಗಿ ಒಂದು ವರ್ಷವಾಗಿತ್ತು.

"ಮಾವ, ಇವತ್ತು ಇಲ್ಲಿ ಗವರ್ನರ್ ಎಲೆಕ್ಷನ್ನು. ಹಳೇ ಗವರ್ನರ್ ರಾಜೀನಾಮೆ ಕೊಟ್ಟು ಸೆನೆಟಿಗೆ ಹೋದ್ರು. ಅದಕ್ಕೆ ಅವಧಿ ಮುಗಿಯೋ ಮೊದಲೇ ವೋಟು. ಅಲ್ಲಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ರಲ್ಲ, ನೀವು ಯಾವತ್ತು ವೋಟು ಹಾಕಿದ್ರಿ?"

"ನಾವೆಲ್ಲಿ ಹಾಕಿದ್ವೋ? ಹೋಟೆಲಲ್ಲಿ ಹಾಕಿದ್ರು."

ಅವನು ನಕ್ಕ. ನಾನೂ ನಕ್ಕೆ. ಆದರೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ಸಂಬಳ ತಿನ್ನುವವನು ನಾನು. ಫೋನಿಟ್ಟ ಮೇಲೂ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ.

ಅವರ ಗವರ್ನರು ನಮ್ಮ ರಾಜ್ಯಪಾಲರಲ್ಲ, ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿ. ಜೋ ಮ್ಯಾಂಚಿನ್ ಎಂಬವರು ಆ ಗಾದಿಯಲ್ಲಿದ್ದರು. ಸೆನೆಟಿನಲ್ಲಿ ರಾಬರ್ಟ್ ಬರ್ಡ್ ತೀರಿಕೊಂಡು ಜಾಗ ತೆರವಾಯಿತು. ಮ್ಯಾಂಚಿನ್ ನಿಂತು ಗೆದ್ದರು, 2010ರ ನವೆಂಬರ್‌ನಲ್ಲಿ ಗವರ್ನರ್ ಕುರ್ಚಿ ಬಿಟ್ಟರು. ಆ ಸಂಸ್ಥಾನದಲ್ಲಿ ಜನರಿಂದ ಆರಿಸಿಬಂದ ಉಪ ಗವರ್ನರ್ ಇಲ್ಲ. ಅಲ್ಲಿನ ಮೇಲ್ಮನೆಯ ಅಧ್ಯಕ್ಷ ಅರ್ಲ್ ರೇ ಟಾಂಬ್ಲಿನ್ ಅವರೇ ಗವರ್ನರ್ ಕೆಲಸ ನೋಡಿಕೊಳ್ಳಲು ಕೂತರು. ಉಳಿದ ಎರಡು ವರ್ಷ ಹೀಗೇ ನಡೆಯಲಿ ಎಂಬ ಲೆಕ್ಕಾಚಾರವಿತ್ತು. ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜಾಗ ತೆರವಾದ ಒಂದು ವರ್ಷದೊಳಗೆ ಜನರ ಮುಂದೆ ಹೋಗಲೇಬೇಕು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2011ರ ಜನವರಿಯಲ್ಲಿ ಹೇಳಿತು. ಟಾಂಬ್ಲಿನ್ ಹೋದರು, ಗೆದ್ದರು. ಹದಿಮೂರು ತಿಂಗಳಾದ ಮೇಲೆ ಮಾಮೂಲಿ ಚುನಾವಣೆ ಬಂತು. ಅದೇ ಎದುರಾಳಿ, ಅದೇ ಗೆಲುವು. ಇಷ್ಟಕ್ಕೆ ಎರಡು ಸಲ ಖರ್ಚು ಯಾಕೆ ಎಂದು ಕೇಳುವವರು ಅಲ್ಲೂ ಇದ್ದಿರಲೇಬೇಕು.

ವೆಸ್ಟ್ ವರ್ಜೀನಿಯಾ ಕಲ್ಲಿದ್ದಲ ಗಣಿಗಳ ಸೀಮೆ. ಇಲ್ಲಿ ಅದೇ ವರ್ಷ ಕುರ್ಚಿ ಅಲುಗಿದ್ದಕ್ಕೂ ಗಣಿಯೇ ಕಾರಣ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಜುಲೈ 27ರಂದು ಸರ್ಕಾರದ ಕೈಸೇರಿತು, 31ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟರು.

ರಾಜಭವನದ ಮಾತು ಬಂತಲ್ಲ, ಒಂದು ಹಳೆಯ ಸಂಗತಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಆ ಮನೆ ಕಟ್ಟಿಸಿದವರು ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್. ಅವರೂ ರಾಜೀನಾಮೆ ಕೊಟ್ಟೇ ಹೋದವರು. 1861ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಮರುವರ್ಷದಿಂದ ಬೌರಿಂಗ್ ಆಳಿದರು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ನಮ್ಮಂಥವರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಒಬ್ಬ ಹೋಗಿ ಇನ್ನೊಬ್ಬ ಬಂದಾಗ ದಂಡಿನಲ್ಲಾಗಲಿ ಪೇಟೆಯಲ್ಲಾಗಲಿ ಯಾರನ್ನೂ ಯಾರೂ ಕೇಳಲಿಲ್ಲ. ಕೇಳುವ ಕಾಲವೂ ಅದಲ್ಲ ಬಿಡಿ.

ಕೇಳುವ ಕಾಲ ಬಂದಾಗ ನಮ್ಮ ಸಂವಿಧಾನ ಸಭೆ ಮೊದಲು ಹೊರಟದ್ದು ವೆಸ್ಟ್ ವರ್ಜೀನಿಯಾದ ದಾರಿಯಲ್ಲೇ. ರಾಜ್ಯಪಾಲರನ್ನು ಜನರೇ ನೇರವಾಗಿ ಆರಿಸಲಿ ಎಂದು 1947ರಲ್ಲಿ ಸರ್ದಾರ್ ಪಟೇಲರ ಸಮಿತಿ ಹೇಳಿತ್ತು. ಕರಡು ಸಂವಿಧಾನದಲ್ಲೂ ಆ ಮಾತಿತ್ತು. ಆಮೇಲೆ ಯೋಚನೆ ಬಂತು: ಮುಖ್ಯಮಂತ್ರಿಯೂ ಜನರ ವೋಟಿನಿಂದ ಬಂದವರು, ರಾಜ್ಯಪಾಲರೂ ಜನರ ವೋಟಿನಿಂದ ಬಂದವರು, ಇಬ್ಬರಿಗೂ ಜಟಾಪಟಿಯಾದರೆ ಬಿಡಿಸುವವರು ಯಾರು? ಒಂದು ಒರೆಯಲ್ಲಿ ಎರಡು ಕತ್ತಿ. 1949ರ ಮೇ ತಿಂಗಳ ಕೊನೆಯಲ್ಲಿ ಸಭೆ ಮನಸ್ಸು ಬದಲಿಸಿತು, ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುವುದೆಂದು ಗೊತ್ತಾಯಿತು. ನಮ್ಮ ಮೊದಲ ರಾಜ್ಯಪಾಲರಂತೂ ಕೊನೆಯ ಮಹಾರಾಜರೇ, ಜಯಚಾಮರಾಜ ಒಡೆಯರು. ಆದ್ದರಿಂದ ನಮ್ಮಲ್ಲಿ ರಾಜ್ಯಪಾಲರೊಬ್ಬರು ರಾಜೀನಾಮೆ ಕೊಟ್ಟರೆ ಒಂದು ಮತಗಟ್ಟೆಯೂ ತೆರೆಯುವುದಿಲ್ಲ. ನಮ್ಮ ಎಸ್.ಎಂ. ಕೃಷ್ಣ ಅವರು ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದು 2008ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ಕರ್ನಾಟಕದ ರಾಜಕಾರಣಕ್ಕೆ ಮರಳಿದರು. ಮುಂಬಯಿಯ ಮತದಾರರ ಒಂದು ಬೆರಳಿಗೂ ಶಾಯಿ ಹತ್ತಲಿಲ್ಲ.

ಮುಖ್ಯಮಂತ್ರಿಗಳ ರಾಜೀನಾಮೆಯ ಕತೆ ಬೇರೆ. 2011ರ ಆಗಸ್ಟ್ 3ರಂದು ಬೆಂಗಳೂರಿನ ಹೋಟೆಲೊಂದರಲ್ಲಿ ಬಿಜೆಪಿಯ ಶಾಸಕರು ಸೇರಿದರು. ದಿಲ್ಲಿಯಿಂದ ಅರುಣ್ ಜೇಟ್ಲಿ, ರಾಜನಾಥ್ ಸಿಂಗ್ ಬಂದಿದ್ದರು. ಡಿ.ವಿ. ಸದಾನಂದಗೌಡರು ಒಂದು ಕಡೆ, ಜಗದೀಶ ಶೆಟ್ಟರ್ ಇನ್ನೊಂದು ಕಡೆ. ಸಾಮಾನ್ಯವಾಗಿ ಇಂಥ ಕಡೆ ಹೈಕಮಾಂಡಿನ ಲಕೋಟೆ ಒಡೆದರೆ ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಬೇಕು. ಅವತ್ತು ಹಾಗಾಗಲಿಲ್ಲ. ಚೀಟಿ ಹಂಚಿ ಗುಪ್ತ ಮತದಾನ ಮಾಡಿಸಿದರು. ಸದಾನಂದಗೌಡರು ಗೆದ್ದರು, ಮರುದಿನ ಪ್ರಮಾಣವಚನ. ಆರು ಕೋಟಿ ಜನರ ರಾಜ್ಯಕ್ಕೆ ನಡೆದ ವಿಶೇಷ ಚುನಾವಣೆ ಇದೇ. ಮತದಾರರ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಸುವಷ್ಟು ಚಿಕ್ಕದು.

ಅಲ್ಲಿಗೆ ಮುಗಿಯಿತೇ ಅಂದರೆ ಇಲ್ಲ. ಸದಾನಂದಗೌಡರು ಆಗ ಉಡುಪಿ–ಚಿಕ್ಕಮಗಳೂರಿನ ಲೋಕಸಭಾ ಸದಸ್ಯರು. ಆರು ತಿಂಗಳೊಳಗೆ ಇಲ್ಲಿನ ಒಂದು ಸದನಕ್ಕೆ ಬರಬೇಕು. ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿಗೆ ಬಂದರು, ಲೋಕಸಭೆ ಬಿಟ್ಟರು. ಅಲ್ಲಿ ಜಾಗ ಖಾಲಿ. ಬೆಂಗಳೂರಿನಲ್ಲಿ ಒಬ್ಬರು ಕೊಟ್ಟ ರಾಜೀನಾಮೆ ಎಂಟು ತಿಂಗಳು ತಡವಾಗಿ, 2012ರ ಮಾರ್ಚ್ 18ರ ಬಿಸಿಲಿನಲ್ಲಿ, ಕಾಪುವಿನಲ್ಲಿ ಕಾರ್ಕಳದಲ್ಲಿ ಶೃಂಗೇರಿಯಲ್ಲಿ ಜನರನ್ನು ಸಾಲಿನಲ್ಲಿ ನಿಲ್ಲಿಸಿತು. ಗಣಿಯ ವರದಿಗೂ ಅವರಿಗೂ ಏನು ಸಂಬಂಧ? ಮುಖ್ಯಮಂತ್ರಿ ಯಾರಾಗಲಿ ಎಂದು ಅವರನ್ನು ಕೇಳಿದವರಿರಲಿಲ್ಲ. ಕೇಳದೆ ಬಿಟ್ಟದ್ದಕ್ಕೂ ಸೇರಿಸಿಯೇ ಉತ್ತರ ಕೊಟ್ಟರೋ ಏನೋ, ಮುಖ್ಯಮಂತ್ರಿಗಳು ಬಿಟ್ಟುಬಂದ ಸೀಟಿನಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆಯವರನ್ನು 45 ಸಾವಿರದಷ್ಟು ಮತಗಳಿಂದ ಗೆಲ್ಲಿಸಿದರು. ನಾಲ್ಕು ತಿಂಗಳಾಗುವಷ್ಟರಲ್ಲಿ ಸದಾನಂದಗೌಡರೂ ಕುರ್ಚಿ ಬಿಟ್ಟರು, ಶೆಟ್ಟರ್ ಬಂದರು.

ಚಿಕ್ಕಮಗಳೂರಿನವರಿಗೆ ಈ ಅನುಭವ ಹೊಸದೇನಲ್ಲ. 1978ರಲ್ಲಿ ಅಲ್ಲಿನ ಲೋಕಸಭಾ ಸದಸ್ಯ ಡಿ.ಬಿ. ಚಂದ್ರೇಗೌಡರು ಇಂದಿರಾ ಗಾಂಧಿಯವರಿಗಾಗಿ ಜಾಗ ಬಿಟ್ಟುಕೊಟ್ಟರು. ಹಿಂದಿನ ವರ್ಷ ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಕಾಫಿ ತೋಟಗಳ ನಾಡಿಗೆ ಬಂದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು, ಅವರ ಬೆನ್ನಿಗೆ ಜಾರ್ಜ್ ಫರ್ನಾಂಡಿಸ್. ನಾನು ಆಗ ಹುಡುಗ. ಗೋಡೆ ಗೋಡೆಗೂ ಹಸುಕರುವಿನ ಗುರುತು ನೋಡಿ ಬೆಳೆದಿದ್ದ ನನಗೆ ಕೈ ಗುರುತು ಅಪರಿಚಿತವಾಗಿ ಕಂಡದ್ದು ನೆನಪಿದೆ. 77 ಸಾವಿರದಷ್ಟು ಮತಗಳ ಅಂತರದಿಂದ ಇಂದಿರಾ ಗೆದ್ದರು. ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಹಕ್ಕುಚ್ಯುತಿಯ ಮೇಲೆ ಉಚ್ಚಾಟಿಸಿ ತಿಹಾರಕ್ಕೆ ಕಳಿಸಿತು. ನವೆಂಬರ್‌ನಲ್ಲಿ ಮಲೆನಾಡಿನ ಮಂಜಿನಲ್ಲಿ ನಿಂತು ಹಾಕಿದ ವೋಟು ಬಾಳಿದ್ದು ಒಂದೂವರೆ ತಿಂಗಳು.

ಹಾಗೆ ನೋಡಿದರೆ ದೊಡ್ಡವರಿಗೆ ಚಿಕ್ಕವರು ಜಾಗ ಬಿಡುವ ರೂಢಿ ನಮ್ಮಲ್ಲಿ ಹಳೆಯದು. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಯಾಗಿ ಕುರ್ಚಿ ಬೆಚ್ಚಗಿಟ್ಟರು. ಬಾಗಲಕೋಟೆಯ ಶಾಸಕ ಮುರನಾಳರು ಜಾಗ ತೆರವು ಮಾಡಿದರು, ನಿಜಲಿಂಗಪ್ಪ ಅಲ್ಲಿಂದ ಆರಿಸಿಬಂದರು. ಕಂಠಿಯವರು ಒಂದು ಮಾತೂ ಆಡದೆ ಎದ್ದು ನಿಂತರು. ಇವತ್ತು ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ರಾಮಾಯಣದ ಭರತನ ಕತೆ ಕೇಳಿದ ಹಾಗೆ ಕೇಳುತ್ತಾರೆ. 1983ರಲ್ಲಿ ಇಲ್ಲಿನ ಯಾವ ಸದನದಲ್ಲೂ ಇರದಿದ್ದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ಪಿ.ಜಿ.ಆರ್. ಸಿಂಧ್ಯ ಕನಕಪುರ ಬಿಟ್ಟುಕೊಟ್ಟರು. 1988ರಲ್ಲಿ ಆ ಹೆಗಡೆಯವರೇ ರಾಜೀನಾಮೆ ಕೊಟ್ಟಾಗ ಬಂದವರು ಎಸ್.ಆರ್. ಬೊಮ್ಮಾಯಿ. 2021ರಲ್ಲಿ ಯಡಿಯೂರಪ್ಪನವರು ಮತ್ತೊಮ್ಮೆ ರಾಜೀನಾಮೆ ಕೊಟ್ಟಾಗ ಬಂದವರು ಬಸವರಾಜ ಬೊಮ್ಮಾಯಿ. ತಂದೆ ಮಗ ಇಬ್ಬರೂ ಇನ್ನೊಬ್ಬರ ರಾಜೀನಾಮೆಯ ಬೆನ್ನಿಗೇ ಮುಖ್ಯಮಂತ್ರಿಗಳಾದರು. ಎರಡೂ ಸಲ ಶಾಸಕಾಂಗ ಪಕ್ಷ ಆರಿಸಿತು, ನಾವು ಪೇಪರಿನಲ್ಲಿ ಓದಿದೆವು.

ಕಾನೂನು ಇರುವುದು ಇಷ್ಟು. ಮುಖ್ಯಮಂತ್ರಿ ಬದಲಾದರೆ ಜನರ ಹತ್ತಿರ ಹೋಗಬೇಕಾಗಿಲ್ಲ, ಸದನದಲ್ಲಿ ಬಹುಮತ ಇದ್ದರೆ ಸಾಕು. ಒಬ್ಬ ಶಾಸಕ ರಾಜೀನಾಮೆ ಕೊಟ್ಟು ಸ್ಪೀಕರ್ ಅದನ್ನು ಒಪ್ಪಿದರೆ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಆ ಸ್ಥಾನದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಬೇಡ. ಒಂದು ವರ್ಷಕ್ಕಿಂತ ಕೆಲವೇ ದಿನ ಹೆಚ್ಚಿದ್ದರೆ? 2018ರಲ್ಲಿ ಅದನ್ನೂ ನೋಡಿದೆವು. ಬಳ್ಳಾರಿ, ಶಿವಮೊಗ್ಗ, ಮಂಡ್ಯದ ಲೋಕಸಭಾ ಸದಸ್ಯರು ಮೇ ತಿಂಗಳಲ್ಲಿ ಶಾಸಕರಾಗಿ ದಿಲ್ಲಿಯ ಸೀಟು ಬಿಟ್ಟರು. ನವೆಂಬರ್ 3ರಂದು ಮೂರೂ ಕಡೆ ಉಪಚುನಾವಣೆ. ಗೆದ್ದವರು ಹೊಸ ಮನೆಗೆ ಹೋಗಿ ಹಾಲು ಉಕ್ಕಿಸುವಷ್ಟರಲ್ಲಿ 2019ರ ಮಹಾಚುನಾವಣೆ ಬಂತು.

ಈಗ 2019ಕ್ಕೆ ಬರುತ್ತೇನೆ. ಇದು ನಾನು ಕಣ್ಣಾರೆ ಕಂಡದ್ದು.

ಆ ವರ್ಷ ಜುಲೈನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟು ಬಹುಪಾಲು ಮಂದಿ ಮುಂಬಯಿಯ ಹೋಟೆಲು ಸೇರಿದ್ದು ನಿಮಗೆಲ್ಲ ನೆನಪಿರಬಹುದು. 23ರಂದು ವಿಶ್ವಾಸಮತದಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿಯವರಿಗೆ 99, ವಿರುದ್ಧ 105. ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹಗೊಳಿಸಿ, ಈ ವಿಧಾನಸಭೆಯ ಅವಧಿ ಮುಗಿಯುವವರೆಗೆ ಮತ್ತೆ ನಿಲ್ಲುವಂತಿಲ್ಲ ಎಂದರು. ಸುಪ್ರೀಂ ಕೋರ್ಟು ನವೆಂಬರ್ 13ರಂದು ಅನರ್ಹತೆ ಸರಿ, ನಿಲ್ಲಬಾರದೆಂಬುದು ತಪ್ಪು ಎಂದಿತು. ಅಂದರೆ ಗೇಟ್ ಪಾಸ್ ಕೊಟ್ಟು ಹೊರಗೆ ಕಳಿಸಿದವರನ್ನು ಬೇಕಿದ್ದರೆ ಮುಂಬಾಗಿಲಿನಿಂದ ಜನರೇ ಒಳಗೆ ಕರೆಯಲಿ. ನನಗೆ ಆ ತೀರ್ಪು ಸರಿ ಅನಿಸಿತು. ಅವರು ಬೇಡ ಎಂದು ಹೇಳುವ ಕೆಲಸ ಸ್ಪೀಕರರದಲ್ಲ, ಸಾಲಿನಲ್ಲಿ ನಿಂತವರದು. ಸಾಲಿನಲ್ಲಿ ನಿಲ್ಲುವವರು ಬಂದರೆ ಸರಿ.

ಡಿಸೆಂಬರ್ 5ರಂದು ಆ 17ರಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ. ಬೆಂಗಳೂರಿನಲ್ಲಿ ನಾಲ್ಕು: ಕೆ.ಆರ್. ಪುರ, ಶಿವಾಜಿನಗರ, ಮಹಾಲಕ್ಷ್ಮಿ ಲೇಔಟ್, ಯಶವಂತಪುರ. ನಮ್ಮ ಲಿಂಗರಾಜಪುರ ಇರುವುದು ಸರ್ವಜ್ಞನಗರ ಕ್ಷೇತ್ರದಲ್ಲಿ. ತ್ರಿಪದಿಯ ಕವಿಯ ಹೆಸರು ಹೊತ್ತ ಕ್ಷೇತ್ರ. 2009ರಲ್ಲಿ ಹಲಸೂರು ಕೆರೆಯ ದಂಡೆಯಲ್ಲಿ ತಿರುವಳ್ಳುವರ್ ನಿಂತರು, ಬದಲಿಗೆ ಚೆನ್ನೈಗೆ ಹೋದದ್ದು ಈ ಸರ್ವಜ್ಞನೇ. ನಮ್ಮ ಶಾಸಕರು ರಾಜೀನಾಮೆ ಕೊಟ್ಟಿರಲಿಲ್ಲ. ಆದ್ದರಿಂದ ಆ ತಿಂಗಳು ನಮ್ಮ ಬೀದಿಗೆ ಆಟೋದ ಮೈಕೂ ಬರಲಿಲ್ಲ, ಸ್ಲಿಪ್ಪು ಹಂಚುವ ಹುಡುಗರೂ ಬರಲಿಲ್ಲ. ಪೂರ್ವಕ್ಕೆ ಹೋದರೆ ಕೆ.ಆರ್. ಪುರದಲ್ಲಿ ಗದ್ದಲ, ತೆಂಕಣಕ್ಕೆ ಇಳಿದರೆ ಶಿವಾಜಿನಗರದಲ್ಲಿ ಗದ್ದಲ. ನಡುವೆ ನಾವು ಪಕ್ಕದ ಮನೆಯ ಮದುವೆ ನೋಡುವವರ ಹಾಗೆ.

ನನಗೆ ಮಾತ್ರ ಕರೆ ಬಂತು. ಮೇಷ್ಟರು ಅಂದಮೇಲೆ ಬಾರದೆ ಇರುತ್ತದೆಯೇ? ಶಿವಾಜಿನಗರ ಕ್ಷೇತ್ರದ ಒಂದು ಬೂತಿಗೆ ನಾನು ಅಧ್ಯಕ್ಷಾಧಿಕಾರಿ, ಚುನಾವಣೆಯ ಭಾಷೆಯಲ್ಲಿ ಪಿಆರ್‌ಒ. 4ರಂದು ಬೆಳಗ್ಗೆ ಮಸ್ಟರಿಂಗ್. ಶಾಮಿಯಾನದ ಕೆಳಗೆ ಮೇಜು ಮೇಜಿಗೂ ಹೆಸರು ಕೂಗಿ ಸಾಮಾನು ಎಣಿಸಿಕೊಳ್ಳುವುದು. ಕಂಟ್ರೋಲ್ ಯೂನಿಟ್ಟು, ಬ್ಯಾಲೆಟ್ ಯೂನಿಟ್ಟು, ವಿವಿಪ್ಯಾಟ್. ಆಮೇಲೆ ಒಂದು ಚೀಲದ ತುಂಬ ಅರಗು, ಮೇಣದ ಬತ್ತಿ, ದಾರ, ಲಕೋಟೆ, ನಮೂನೆಗಳು. ಎಲ್ಲಕ್ಕಿಂತ ಹುಷಾರಾಗಿ ಹಿಡಿಯಬೇಕಾದ್ದು ಶಾಯಿಯ ಪುಟ್ಟ ಸೀಸೆ. ಮೈಸೂರಿನ ಬಣ್ಣದ ಕಾರ್ಖಾನೆಯದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣಕ್ಕೆಂದು ಶುರುವಾದ ಕಾರ್ಖಾನೆ. 1962ರಿಂದ ಇಡೀ ದೇಶದ ಬೆರಳಿಗೆ ಶಾಯಿ ಹೋಗುವುದು ಅಲ್ಲಿಂದಲೇ. ಸಿಲ್ವರ್ ನೈಟ್ರೇಟ್ ಇರುವುದರಿಂದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ, ಉಗುರು ಬೆಳೆದೇ ಹೋಗಬೇಕು.

ರಾತ್ರಿ ಶಾಲೆಯ ಬೆಂಚು ಜೋಡಿಸಿ ಮಲಗಿದೆವು. ಡಿಸೆಂಬರಿನ ಚಳಿ, ಸೊಳ್ಳೆ, ಬೋರ್ಡಿನ ಮೇಲೆ ಯಾರೋ ಮೇಷ್ಟರು ಬಿಟ್ಟುಹೋದ ಲಸಾಅ ಲೆಕ್ಕ. ಬೆಳಗ್ಗೆ ಆರಕ್ಕೆ ಏಜೆಂಟರ ಮುಂದೆ ಅಣಕು ಮತದಾನ. ಐವತ್ತು ವೋಟು ಒತ್ತಿ, ಎಣಿಸಿ ತೋರಿಸಿ, ಅಳಿಸಿ, ವಿವಿಪ್ಯಾಟಿನ ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಅರಗು ಮುದ್ರೆ ಒತ್ತಿದೆವು. ಏಳಕ್ಕೆ ಸರಿಯಾಗಿ ಬಾಗಿಲು ತೆಗೆದರೆ ಹೊರಗೆ ನಿಂತಿದ್ದವರು ಮೂವರು. ಅವರಲ್ಲಿ ಒಬ್ಬರು ಹಾಲು ತರಲು ಬಂದವರು.

ಹೊತ್ತು ಏರಿದಂತೆ ಒಂದಿಷ್ಟು ಜನ ಬಂದರು. ಸಾಲು ಎನ್ನುವಂಥ ಸಾಲು ಒಂದು ಗಳಿಗೆಯೂ ಕಟ್ಟಲಿಲ್ಲ. ಊಟದ ಹೊತ್ತಿಗೆ ಶಾಯಿ ಹಾಕುವ ಹೆಣ್ಣುಮಗಳು ಎದ್ದಳು, ನಾನು ಅವಳ ಕುರ್ಚಿಯಲ್ಲಿ ಕೂತೆ. ಸೀಸೆ ಉರುಳದಂತೆ ಒಂದು ಲೋಟದಲ್ಲಿ ಮರಳು ತುಂಬಿ ಅದರೊಳಗೆ ನೆಟ್ಟಿದ್ದೆವು. ಆಗ ಬಂದರು ಒಬ್ಬ ಅಜ್ಜಿ. ಎಪ್ಪತ್ತು ದಾಟಿದ ವಯಸ್ಸು, ಮೊಮ್ಮಗನ ತೋಳು ಹಿಡಿದಿದ್ದರು. ಶಿವಾಜಿನಗರದ ಮಾತು ಗೊತ್ತಲ್ಲ, ಒಂದೇ ವಾಕ್ಯದಲ್ಲಿ ಉರ್ದು, ತಮಿಳು, ಕನ್ನಡ ಮೂರೂ ಇರುತ್ತವೆ. ನಾನು ಕನ್ನಡದಲ್ಲೇ ಹೇಳುತ್ತೇನೆ.

ಅಜ್ಜಿ ಎಡಗೈ ತೋರುಬೆರಳು ಮುಂದೆ ಚಾಚಿ ಕೇಳಿದರು: "ಬೇಸಿಗೇಲಿ ಹಾಕಿದ್ನಲ್ಲಪ್ಪ. ಅದರ ಹಿಂದಿನ ಬೇಸಿಗೇಲೂ ಹಾಕಿದ್ದೆ. ಮತ್ತೆ ಯಾಕೆ?"

ನಿಜವೇ. 2018ರ ಮೇ 12 ವಿಧಾನಸಭೆಗೆ, 2019ರ ಏಪ್ರಿಲ್ 18 ಲೋಕಸಭೆಗೆ, ಈಗ ಡಿಸೆಂಬರ್ 5. ಹತ್ತೊಂಬತ್ತು ತಿಂಗಳಲ್ಲಿ ಮೂರು ಸಲ.

"ಇದ್ದವರು ರಾಜೀನಾಮೆ ಕೊಟ್ರಮ್ಮ, ಅದಕ್ಕೆ."

"ಯಾರ ಕೈಗೆ ಕೊಟ್ರು?"

"ಸ್ಪೀಕರ್ ಕೈಗೆ."

ಅಜ್ಜಿ ಒಂದು ಕ್ಷಣ ನನ್ನನ್ನೇ ನೋಡಿದರು. "ವೋಟು ಹಾಕಿದ್ದು ನಾನು. ಕೊಡೋದಾದ್ರೆ ನನ್ನ ಕೈಗೆ ತಂದು ಕೊಡಬೇಕಲ್ವಾ?"

ಏಜೆಂಟರು ಮೂವರೂ ತಲೆ ಎತ್ತಿದರು. ಬೂತಿನೊಳಗೆ ನಾನು ಆ ಮಾತಿಗೆ ಹೂಂ ಅಂದರೂ ತಪ್ಪು, ಊಹೂಂ ಅಂದರೂ ತಪ್ಪು. ಸಂವಿಧಾನದ 190ನೇ ವಿಧಿಯಲ್ಲಿ ಸ್ಪೀಕರಿಗೆ ಕೊಡಬೇಕೆಂದೇ ಇದೆ, ಅದು ಸ್ವಇಚ್ಛೆಯದೇ ನಿಜವೇ ಎಂದು ನೋಡುವ ಹೊಣೆಯೂ ಸ್ಪೀಕರರದೇ. ಎಷ್ಟು ವರ್ಷ ಪಾಠ ಮಾಡಿದ್ದೇನೆ ಅದನ್ನು. ಉಗುರಿನ ತುದಿಯಿಂದ ಬೆರಳ ಗಿಣ್ಣಿನವರೆಗೆ ಗೆರೆ ಎಳೆದೆ. ಅಜ್ಜಿಯ ಬೆರಳು ಸಣ್ಣಗೆ ನಡುಗುತ್ತಿತ್ತು, ಗೆರೆ ಸೊಟ್ಟಗಾಯಿತು. ಅವರು ಒಳಗೆ ಹೋದರು, ಬೀಪ್ ಸದ್ದು ಬಂತು, ಬಂದ ಹಾಗೆಯೇ ಮೊಮ್ಮಗನ ತೋಳು ಹಿಡಿದು ಹೊರಟರು. ಆ ಗಡಿಬಿಡಿಯಲ್ಲಿ ಶಾಯಿಯ ಕಡ್ಡಿ ನನ್ನ ಹೆಬ್ಬೆರಳಿಗೆ ತಗುಲಿದ್ದು ಗೊತ್ತಾಗಲೇ ಇಲ್ಲ.

ಸಂಜೆ ಆರಕ್ಕೆ ಮುಚ್ಚಿ ಲೆಕ್ಕ ಬರೆದಾಗ ನಮ್ಮ ಬೂತಿನ ಅರ್ಧ ಮತದಾರರೂ ಬಂದಿರಲಿಲ್ಲ. ಇಡೀ ಕ್ಷೇತ್ರದ ಕತೆಯೂ ಅದೇ, ಕೆ.ಆರ್. ಪುರದ ಕತೆಯೂ ಅದೇ. ಎರಡೂ ಕಡೆ ನೂರಕ್ಕೆ ಐವತ್ತು ಮುಟ್ಟಲಿಲ್ಲ. ಕೆ.ಆರ್. ಪುರದ ಗಡಿ ದಾಟಿ ಹಳೆ ಮದ್ರಾಸು ರಸ್ತೆಯಲ್ಲಿ ಮುಂದೆ ಹೋದರೆ ಹೊಸಕೋಟೆ. ಅಲ್ಲೂ ಅದೇ ದಿನ, ಅದೇ ಕಾರಣಕ್ಕೆ ಉಪಚುನಾವಣೆ. ಅಲ್ಲಿ ನೂರಕ್ಕೆ ತೊಂಬತ್ತು! ಅದೇ ಚಳಿ, ಅದೇ ರಸ್ತೆ, ಅದೇ ರಜೆ. ಬೆಂಗಳೂರಿನವರು ಬುದ್ಧಿವಂತರು, ಬಹುಶಃ ಮೊದಲೇ ಫಲಿತಾಂಶ ಗೊತ್ತಿತ್ತೇನೋ.

9ರಂದು ಎಣಿಕೆ. ಹದಿನೈದರಲ್ಲಿ 12 ಬಿಜೆಪಿಗೆ, 2 ಕಾಂಗ್ರೆಸ್ಸಿಗೆ, 1 ಪಕ್ಷೇತರರಿಗೆ. ಕೆ.ಆರ್. ಪುರದಲ್ಲಿ ಬೈರತಿ ಬಸವರಾಜ್ ಪಕ್ಷ ಬದಲಿಸಿ ನಿಂತು ಅರವತ್ತು ಸಾವಿರಕ್ಕೂ ಮಿಕ್ಕಿ ಅಂತರದಲ್ಲಿ ಗೆದ್ದರು. ಶಿವಾಜಿನಗರದಲ್ಲಿ ರಾಜೀನಾಮೆ ಕೊಟ್ಟಿದ್ದ ರೋಷನ್ ಬೇಗ್ ಕಣಕ್ಕೇ ಇಳಿಯಲಿಲ್ಲ, ಕಾಂಗ್ರೆಸ್ಸಿನ ರಿಜ್ವಾನ್ ಅರ್ಷದ್ ಗೆದ್ದರು. ಆ ಒಬ್ಬ ಪಕ್ಷೇತರರು ಬಂದದ್ದು ಹೊಸಕೋಟೆಯಿಂದ. ರಾಜೀನಾಮೆ ಕೊಟ್ಟು ಬಿಜೆಪಿಯಿಂದ ನಿಂತ ಎಂ.ಟಿ.ಬಿ. ನಾಗರಾಜ್ ಅವರನ್ನು ಶರತ್ ಬಚ್ಚೇಗೌಡ ಸೋಲಿಸಿದರು. ಮರುವರ್ಷ ನಾಗರಾಜ್ ವಿಧಾನ ಪರಿಷತ್ತಿಗೆ ಬಂದರು, ಆಮೇಲೆ ಮಂತ್ರಿಯೂ ಆದರು. ಹುಣಸೂರಿನಲ್ಲೂ ಜನ ಹಾಗೇ ಮಾಡಿದರು, ಎಚ್. ವಿಶ್ವನಾಥ್ ಸೋತರು. ಅವರನ್ನೂ ಪರಿಷತ್ತು ಕೈ ಹಿಡಿಯಿತು. ಹೊಸಕೋಟೆಯ ಬಿಸಿಲಿನಲ್ಲಿ ನಿಂತ ಆ ತೊಂಬತ್ತು ಮಂದಿಗೆ ಇದನ್ನು ಬಿಡಿಸಿ ಹೇಳುವ ಪಾಠ ನನ್ನ ಪುಸ್ತಕದಲ್ಲಿಲ್ಲ.

ಪಕ್ಷ ಬಿಟ್ಟವರನ್ನು ಜನ ಯಾವಾಗಲೂ ಶಿಕ್ಷಿಸುತ್ತಾರೆ ಎನ್ನುವವರೂ ಉಂಟು, ಯಾವಾಗಲೂ ಕ್ಷಮಿಸುತ್ತಾರೆ ಎನ್ನುವವರೂ ಉಂಟು. ಇಬ್ಬರೂ ಚನ್ನಪಟ್ಟಣಕ್ಕೆ ಒಮ್ಮೆ ಹೋಗಿ ಬರಬೇಕು. ಸಿ.ಪಿ. ಯೋಗೇಶ್ವರ್ 2009ರಲ್ಲಿ ಕಾಂಗ್ರೆಸ್ ಶಾಸಕತ್ವ ಬಿಟ್ಟು ಬಿಜೆಪಿಯಿಂದ ನಿಂತರು. ಜನ ಜೆಡಿಎಸ್‌ನ ಅಶ್ವಥ್ ಅವರನ್ನು ಗೆಲ್ಲಿಸಿದರು. 2011ರಲ್ಲಿ ಅಶ್ವಥ್ ಅವರೇ ರಾಜೀನಾಮೆ ಕೊಟ್ಟರು. ಮತ್ತೆ ಉಪಚುನಾವಣೆ, ಈ ಸಲ ಯೋಗೇಶ್ವರ್ ಗೆದ್ದರು. 2024ರಲ್ಲಿ ಕುಮಾರಸ್ವಾಮಿಯವರು ಲೋಕಸಭೆಗೆ ಹೋಗಿ ಜಾಗ ಬಿಟ್ಟರು. ಮತ್ತೆ ಉಪಚುನಾವಣೆ, ಮತ್ತೆ ಯೋಗೇಶ್ವರ್, ಈ ಸಲ ಕಾಂಗ್ರೆಸ್ಸಿನಿಂದ. ಹದಿನೈದು ವರ್ಷದಲ್ಲಿ ಮೂರು ಉಪಚುನಾವಣೆ, ಮೂರಕ್ಕೂ ಕಾರಣ ರಾಜೀನಾಮೆ. ಆ ಊರಿನ ಗೊಂಬೆ ಮಾಡುವವರು ಅರಗಿನ ಕಡ್ಡಿ ಒತ್ತಿ ಮರಕ್ಕೆ ಬಣ್ಣ ಹಿಡಿಸುತ್ತಾರೆ. ನನಗೆ ಮೈಸೂರಿನ ಶಾಯಿಯ ಕಾರ್ಖಾನೆಯೂ ಅರಗಿನಿಂದಲೇ ಶುರುವಾದದ್ದು ನೆನಪಾಗುತ್ತದೆ.

ಉಪಚುನಾವಣೆಯ ಆರು ತಿಂಗಳ ನಿಯಮದ ಬಗ್ಗೆ ಇನ್ನೊಂದು ಮಾತು. ಶಾಸಕರ ಜಾಗ ಖಾಲಿ ಬಿಡಬಾರದು, ಜನ ಪ್ರತಿನಿಧಿ ಇಲ್ಲದೆ ಇರಬಾರದು ಎಂಬ ಆತುರ ಅದರ ಹಿಂದಿದೆ. ಒಳ್ಳೆಯ ಆತುರ. ಆದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಯಾರೂ ರಾಜೀನಾಮೆ ಕೊಡಲಿಲ್ಲ, ಅವಧಿ ತಾನಾಗಿ ಮುಗಿಯಿತು. ಆಮೇಲೆ ವಾರ್ಡುಗಳ ಗಡಿ ಬದಲಾಯಿತು, ಎಣಿಕೆ ಬದಲಾಯಿತು, ಕಾನೂನು ಬದಲಾಯಿತು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಆ ಐದು ವರ್ಷವೂ ಲಿಂಗರಾಜಪುರದಲ್ಲಿ ಮೋರಿ ಕಟ್ಟಿಕೊಂಡರೆ ಹಿಡಿದು ನಿಲ್ಲಿಸಿ ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ರಾಜೀನಾಮೆ ಕೊಡಲಿಕ್ಕಾದರೂ ಒಬ್ಬರು ಇರಬೇಕಲ್ಲ.

ಆ ಡಿಸೆಂಬರ್ 5ರ ರಾತ್ರಿಗೆ ಹಿಂದಿರುಗುತ್ತೇನೆ. ಡಿಮಸ್ಟರಿಂಗ್ ಮುಗಿಸಿ, 17ಸಿ ನಮೂನೆಗೆ ರಸೀತಿ ಪಡೆದು ಹೊರಬಂದಾಗ ಹನ್ನೊಂದು ಹತ್ತಿರವಾಗಿತ್ತು. ಆಟೋ ಹಿಡಿದು ಮೇಲ್ಸೇತುವೆ ಹತ್ತಿ ಇಳಿದೆ. ನಮ್ಮ ಬೀದಿಯ ಮೂಲೆಯಲ್ಲಿ ಅಂಗಡಿಯವನು ಬಾಗಿಲು ಎಳೆಯುತ್ತಿದ್ದ. ಬೆಳಗ್ಗೆಗೆ ಬೇಕೆಂದು ಬ್ರೆಡ್ಡು ಕೇಳಿ ದುಡ್ಡು ಚಾಚಿದೆ. ಅವನ ಕಣ್ಣು ನೋಟಿನ ಮೇಲೆ ಬೀಳಲಿಲ್ಲ, ನನ್ನ ಹೆಬ್ಬೆರಳಿನ ಮೇಲೆ ಬಿತ್ತು. ಬೂತಿನಲ್ಲಿ ನೇರಳೆಯಾಗಿದ್ದ ಕಲೆ ಅಷ್ಟು ಹೊತ್ತಿಗೆ ಕಡುಕಪ್ಪಾಗಿತ್ತು.

"ಏನ್ ಸಾರ್, ನಮ್ಮ ಕಡೇನೂ ಎಲೆಕ್ಷನ್ ಇತ್ತಾ? ಯಾರೂ ಹೇಳ್ಲೇ ಇಲ್ವಲ್ಲ!"

"ಇಲ್ಲಪ್ಪ, ಪಕ್ಕದವರದು" ಅಂದೆ.

ಅವನು ಚಿಲ್ಲರೆ ಎಣಿಸುತ್ತ ಇನ್ನೊಮ್ಮೆ ಬೆರಳು ನೋಡಿದ. "ಪಕ್ಕದವರದ್ದು ನಿಮಗ್ಯಾಕೆ ಹತ್ತಿತು ಸಾರ್?" ಎಂದು ಶಟರ್ ಎಳೆದುಕೊಂಡ.